ಕೊನೆಯ ಸಾಲಿನವರೆಗೂ ಓದಿದ ತರಗತಿ

ಗುಬ್ಬಿಯ ಕಾಲೇಜೊಂದರಲ್ಲಿ ಎಂ.ಎ. ಅರ್ಥಶಾಸ್ತ್ರದ ಕೊನೆಯ ಸೆಮಿಸ್ಟರಿಗೆ ಹಣ ಮತ್ತು ಬ್ಯಾಂಕಿಂಗ್ ಪಾಠ ಮಾಡುವವಳು ನಾನು. ಪಾಠ ಅನ್ನುವುದು ದೊಡ್ಡ ಮಾತಾಯಿತು. ಬರೆಸುವವಳು. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ನನಗೆ ವಾಪಸು ಕೊಡುತ್ತಾರೆ. ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ನಮ್ಮ ಕಡೆ ಅತಿಥಿ ಬಂದರೆ ಒಂದು ಲೋಟ ಕಾಫಿಯಾದರೂ ಕೊಡುತ್ತಾರೆ, ಇಲ್ಲಿ ಅದೂ ಇಲ್ಲ. ತುಮಕೂರಿನ ಸದಾಶಿವನಗರದ ಮನೆಯಿಂದ ಬೆಳಿಗ್ಗೆ ಹೊರಟು ಗುಬ್ಬಿ ಬಸ್ಸು ಹತ್ತುತ್ತೇನೆ, ಮಧ್ಯಾಹ್ನದ ಬಸ್ಸಿಗೆ ವಾಪಸು ಬರುತ್ತೇನೆ. ಎಷ್ಟೋ ವರ್ಷ ಹೀಗೇ ಹೋಗಿ ಬಂದೆ, ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ನನಗೆ ಬುದ್ಧಿ ಬಂದ ವರ್ಷ.

ನಮ್ಮದು ಸ್ವಾಯತ್ತ ಕಾಲೇಜು. ಅಂದರೆ ಪಠ್ಯ ನಮ್ಮದೇ, ಪ್ರಶ್ನೆಪತ್ರಿಕೆ ನಮ್ಮದೇ, ಫಲಿತಾಂಶವೂ ನಮ್ಮದೇ. ಪಾಠ ಮಾಡುವವರು ಬೇಕಾದರೆ ಪಠ್ಯದ ಜೊತೆಗೆ ಹೆಚ್ಚುವರಿ ಓದು ಸೇರಿಸಬಹುದು ಅಂತ ನಿಯಮದಲ್ಲಿ ಒಂದು ಸಾಲಿತ್ತು. ಆ ಸಾಲನ್ನು ಯಾರೂ ಮುಟ್ಟಿರಲಿಲ್ಲ. ಎಲ್ಲರ ಕೈಯಲ್ಲೂ ಒಂದು ಗೈಡು ಇತ್ತು. ನಾನು ಓದುವಾಗಲೂ ಅದೇ ಗೈಡು, ರಟ್ಟಿನ ಬಣ್ಣ ಮಾತ್ರ ಬೇರೆ. ಅದರಲ್ಲಿ ಬೆಲೆ ಏರಿಕೆಗೆ ಎಂಟು ಕಾರಣ, ಆರು ಪರಿಣಾಮ, ಏಳು ನಿಯಂತ್ರಣ ಕ್ರಮ. ದೇಶದಲ್ಲಿ ಏನೇ ಆಗಲಿ, ಕಾರಣ ಒಂಬತ್ತಾಗುವುದಿಲ್ಲ.

ನಮ್ಮ ದೇಶದ ಕೇಂದ್ರ ಬ್ಯಾಂಕು, ಅಂದರೆ ಬಡ್ಡಿದರ ನಿರ್ಧರಿಸುವ, ನೋಟು ಹೊರಡಿಸುವ ಬ್ಯಾಂಕು, ತನ್ನಲ್ಲಿ ಕೆಲಸ ಮಾಡುವ ಅರ್ಥಶಾಸ್ತ್ರಜ್ಞರು ಬರೆದ ಸಂಶೋಧನಾ ಲೇಖನಗಳನ್ನು ಆಗಾಗ ವೆಬ್‌ಸೈಟಿನಲ್ಲಿ ಹಾಕುತ್ತದೆ. ಬಿಟ್ಟಿ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ಭಾನುವಾರ ಕೂತು ಅಂಥದ್ದೊಂದು ಓದಿದೆ. ಬೆಲೆ ಮುಂದೆ ಎಷ್ಟು ಏರಬಹುದು ಅಂತ ಮನೆಮಂದಿ ಹೇಗೆ ಊಹಿಸುತ್ತಾರೆ, ಆ ಊಹೆ ಯಾಕೆ ಸರ್ಕಾರದ ಲೆಕ್ಕಕ್ಕಿಂತ ಯಾವಾಗಲೂ ಮೇಲಿರುತ್ತದೆ ಅನ್ನುವ ವಿಷಯ. ಓದುತ್ತಾ ಓದುತ್ತಾ ನನಗೆ ಒಳ್ಳೆ ಸಿಟ್ಟು ಬಂತು. ಇಷ್ಟು ವರ್ಷ ನಾನು ಏನು ಬರೆಸಿದೆ ಅಂತ. ಈ ಬ್ಯಾಂಕಿನವರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದರು. ಗೈಡಿನಲ್ಲಿ ಗೊತ್ತಿಲ್ಲ ಅನ್ನುವ ಪದವೇ ಇಲ್ಲ.

ಇದನ್ನು ಓದಿಸೋಣ ಅಂದುಕೊಂಡೆ. ಓದಿ, ಒಬ್ಬರಾದರೂ ಎದ್ದು ನಿಂತು "ಇದು ಸರಿಯಿಲ್ಲ ಮೇಡಂ" ಅಂದರೆ ಸಾಕು. ನನ್ನ ಆಸೆ ಇದ್ದದ್ದೇ ಅಷ್ಟು. ಅದೇನು ಆಕಾಶಕ್ಕೆ ಏಣಿ ಹಾಕುವ ಆಸೆಯಲ್ಲ ಅಂತ ಆಗ ಅನಿಸಿತ್ತು.

ಲೇಖನದ ಇಂಗ್ಲಿಷ್ ಪ್ರತಿಗಳನ್ನು ತರಗತಿಗೆ ಕೊಟ್ಟ ದಿನ ಎಲ್ಲರೂ ಮೊದಲು ಹಾಳೆ ತಿರುವಿ ಕೊನೆ ಎಲ್ಲಿದೆ ಅಂತ ನೋಡಿದರು. ಚೇಳೂರಿನಿಂದ ಬರುತ್ತಿದ್ದ ಹುಡುಗ, ಮುಂದಿನ ಬೆಂಚಿನವನು, ಕೈಯಲ್ಲಿ ಸ್ಕೆಚ್ ಪೆನ್ನು ಹಿಡಿದು ಕಾದಿದ್ದ.

"ಮೇಡಂ, ಯಾವ್ಯಾವ್ದಕ್ಕೆ ಅಂಡರ್‌ಲೈನ್ ಮಾಡ್ಬೇಕು?"

"ಯಾವ್ದಕ್ಕೂ ಬೇಡಪ್ಪ. ಓದಿ, ಅರ್ಥ ಮಾಡ್ಕೊಳಿ."

"ಆಮೇಲೆ ಮಾಡ್ಕೊತೀವಿ ಮೇಡಂ. ಈಗ ಇದ್ರಲ್ಲಿ ಡೆಫಿನಿಷನ್ ಎಲ್ಲೈತೆ?"

ಡೆಫಿನಿಷನ್ ಇರಲಿಲ್ಲ. ಅದನ್ನು ಹೇಳಿದಾಗ, ಸಾರಿಗೆ ಉಪ್ಪೇ ಹಾಕಿಲ್ಲ ಅಂದರೆ ಊಟಕ್ಕೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರಲ್ಲ, ಹಾಗೆ ನೋಡಿಕೊಂಡರು. ಒಂದು ವಾರ ಆ ಇಂಗ್ಲಿಷಿನೊಂದಿಗೆ ಗುದ್ದಾಡಿದೆವು. ಮೊದಲ ಪುಟ ದಾಟಲಿಲ್ಲ. ಅವರೆಲ್ಲ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಅವರ ತಪ್ಪೇನಿದೆ. ರಜೆಯಲ್ಲಿ ನಾನೇ ಕೂತು ಇಡೀ ಲೇಖನವನ್ನು ಕನ್ನಡಕ್ಕೆ ತಂದೆ. ಊಟದ ಮೇಜಿನ ತುಂಬ ಹಾಳೆ ಹರಡಿದ್ದನ್ನು ನೋಡಿ ನಮ್ಮ ಯಜಮಾನರು, "ಅವ್ರು ಗಂಟೆ ಲೆಕ್ಕದಲ್ಲಿ ಕೊಡ್ತಾರೆ, ನೀನು ತಿಂಗಳ ಲೆಕ್ಕದಲ್ಲಿ ದುಡಿ" ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಥ ಲೇಖನಗಳ ಮೊದಲ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ. ಇದರಲ್ಲಿರುವ ಅಭಿಪ್ರಾಯಗಳು ಬರೆದವರವು, ಬ್ಯಾಂಕಿನವಲ್ಲ ಅಂತ. ನಾಳೆ ಯಾರಾದರೂ ಕೇಳಿದರೆ ಬ್ಯಾಂಕು ಕೈತೊಳೆದುಕೊಳ್ಳಬೇಕಲ್ಲ, ಅದಕ್ಕೆ. ಪ್ರಾಮಾಣಿಕಳು ನಾನು, ಅದನ್ನೂ ಕನ್ನಡಕ್ಕೆ ಮಾಡಿ, ಜಾಗವಿಲ್ಲದ್ದಕ್ಕೆ ಲೇಖನದ ಕೊನೆಗೆ ತಂದು ಹಾಕಿದೆ. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಗೆ ಕೊಟ್ಟೆ. ತರಗತಿಯಲ್ಲಿ ಹೇಳಿದೆ: "ಅರ್ಧಂಬರ್ಧ ಓದ್ಬೇಡಿ. ಕೊನೇ ಸಾಲಿನವರ್ಗೂ ಓದ್ಕೊಂಡು ಬನ್ನಿ. ಪರೀಕ್ಷೆಗೆ ಇದ್ರ ಮೇಲೆ ಪ್ರಶ್ನೆ ಇರುತ್ತೆ." ಕೊನೆಯ ಮಾತು ಕೇಳಿದ್ದೇ ಎಲ್ಲರ ಮುಖದಲ್ಲಿ ಕಳೆ ಬಂತು.

ಆ ತರಗತಿಯಲ್ಲಿ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ಬಂದು ಗುಬ್ಬಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಹುಡುಗಿ ಇದ್ದಳು. ಅವಳ ತಾಯಿ ಅಂಗನವಾಡಿಯಲ್ಲಿ ಸಹಾಯಕಿ. ಹುಡುಗಿ ಮಾತು ಕಮ್ಮಿ, ಹಿಂದಿನ ಬೆಂಚು. ಮೊದಲ ಸೆಮಿಸ್ಟರಿನಲ್ಲಿ ತಾಯಿಗೆ ಆಪರೇಷನ್ ಆಗಿ ಆಸ್ಪತ್ರೆಯಲ್ಲೇ ಕೂತಿದ್ದರಿಂದ ಅಂಕ ಬಿದ್ದುಹೋಗಿತ್ತು. ನಾನು ಅವಳನ್ನು ಅಷ್ಟಾಗಿ ಗಮನಿಸಿಯೇ ಇರಲಿಲ್ಲ. ಕನ್ನಡದ ಪ್ರತಿ ಕೊಟ್ಟ ಒಂದು ವಾರಕ್ಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ಒಂದ್ ಡೌಟು."

"ಹೇಳಮ್ಮ."

"ಜನ ದಿನಾ ಕೊಳ್ಳೋ ಹಾಲು, ತರಕಾರಿ ರೇಟು ನೋಡ್ಕೊಂಡು ಬೆಲೆ ಜಾಸ್ತಿ ಏರುತ್ತೆ ಅಂತ ತಪ್ಪಾಗಿ ಊಹೆ ಮಾಡ್ತಾರೆ ಅಂತ ಇದ್ರಲ್ಲಿ ಬರ್ದವ್ರೆ. ಅದು ತಪ್ಪು ಊಹೆ ಹೆಂಗಾಯ್ತು ಮೇಡಂ? ನಮ್ಮಮ್ಮ ಹಾಲು ತರಕಾರೀನೇ ಕೊಳ್ಳೋದು. ಸರಾಸರೀನ ಯಾರೂ ಅಂಗಡೀಲಿ ಕೊಳ್ಳಲ್ವಲ್ಲ."

ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣಲ್ಲಿ ನೀರು ಬಂತು. ಅವಳು ಹೆದರಿ, "ತಪ್ಪಾಯ್ತಾ ಮೇಡಂ?" ಅಂದಳು. ಕೂರಿಸಿಕೊಂಡು ಮಾತಾಡಿದೆ. ಇನ್ನೂ ಒಂದು ಮಾತು ಅವಳ ಬಳಿ ಇತ್ತು. ಒಂದು ವರ್ಷದ ಮೇಲೆ ಬೆಲೆ ಎಷ್ಟಿರುತ್ತೆ ಅಂತ ಕೇಳುವುದೇ ಅವಳಿಗೆ ವಿಚಿತ್ರ ಅನಿಸಿತ್ತು. ಅವರ ಮನೆಯಲ್ಲಿ ಯಾರೂ ವರ್ಷದ ಲೆಕ್ಕ ಹಾಕುವುದಿಲ್ಲ, ಯುಗಾದಿ ಹೊತ್ತಿಗೆ, ಗೌರಿ ಹಬ್ಬದ ಹೊತ್ತಿಗೆ ಅಂತ ಹಬ್ಬದಿಂದ ಹಬ್ಬಕ್ಕೆ ಹೇಳುತ್ತಾರೆ. ಹಬ್ಬದ ಮುಂಚೆ ಬೆಲೆ ಹೇಗೂ ಏರಿರುತ್ತೆ. ಹಾಗಾಗಿ ಅವರ ಉತ್ತರವೂ ಮೇಲೇ ಇರುತ್ತೆ ಅಂದಳು. ಅದು ಪೂರ್ತಿ ಸರಿಯೋ ಅಲ್ಲವೋ ನನಗೂ ಗೊತ್ತಿಲ್ಲ. ಆದರೆ ಅದು ಗೈಡಿನಲ್ಲಿ ಇರಲಿಲ್ಲ, ನನ್ನ ಬಾಯಿಂದಲೂ ಬಂದಿರಲಿಲ್ಲ.

ಹೊರಡುವಾಗ ಕೇಳಿದಳು: "ಮೇಡಂ, ಇಂಥದ್ನೆಲ್ಲ ಬರಿಯೋರು ಏನ್ ಓದಿರ್ತಾರೆ?"

ಅದಕ್ಕೆ ದಾರಿ ಹೇಳಿದೆ. ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆಯಬೇಕು, ಆಮೇಲೆ ಸಂಶೋಧನೆಗೆ ಸೇರಬೇಕು. ಅರ್ಹತಾ ಪರೀಕ್ಷೆಗೆ ಕೂರಬೇಕಾದರೆ ಎಂ.ಎ.ಯಲ್ಲಿ ಒಟ್ಟು ಐವತ್ತೈದು ಪರ್ಸೆಂಟು ಬೇಕು. ಅವಳು ಅಲ್ಲೇ ನಿಂತು ಮನಸ್ಸಿನಲ್ಲೇ ಕೂಡಿಸಿದಳು. ಈ ಸೆಮಿಸ್ಟರಿನಲ್ಲಿ ಎಲ್ಲ ಪತ್ರಿಕೆಯಲ್ಲೂ ಚೆನ್ನಾಗಿ ಬಂದರೆ ಮಾತ್ರ ಅಷ್ಟಕ್ಕೆ ಮುಟ್ಟುತ್ತಿತ್ತು. "ಆಗುತ್ತೆ ಮೇಡಂ, ನಿಮ್ಮ ಪೇಪರ್ರಿನಲ್ಲಿ ತಗೊಂತೀನಿ" ಅಂದಳು. ಅವತ್ತು ಬಸ್ಸಿನಲ್ಲಿ ಕೂತು ತುಮಕೂರು ಬರುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಕೂತರು.

ಪ್ರಶ್ನೆಪತ್ರಿಕೆ ನಾನೇ ತೆಗೆದೆ. ಬೆಲೆ ಏರಿಕೆಯ ನಿರೀಕ್ಷೆಯ ಬಗ್ಗೆ ನೀವು ಓದಿದ ಲೇಖನದ ವಾದವನ್ನು ವಿವರಿಸಿ, ಅದರ ಬಗ್ಗೆ ನಿಮ್ಮ ವಿಮರ್ಶೆ ಬರೆಯಿರಿ, ಹದಿನೈದು ಅಂಕ. ಪರೀಕ್ಷೆ ಮುಗಿದ ಮೇಲೆ ಎಲ್ಲರೂ ಖುಷಿಯಾಗಿಯೇ ಹೊರಬಂದರು. ಚೇಳೂರಿನ ಹುಡುಗನಂತೂ "ಮೇಡಂ, ಒಂದಕ್ಷರ ಬಿಟ್ಟಿಲ್ಲ" ಅಂದ. ಅವನು ಹೇಳಿದ್ದು ನಿಜ ಅಂತ ಮೌಲ್ಯಮಾಪನಕ್ಕೆ ಕೂತ ದಿನ ಗೊತ್ತಾಯಿತು.

ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಸಂಕೇತ ಸಂಖ್ಯೆ ಮಾತ್ರ. ಮೊದಲು ನಾನು ನೋಡಬೇಕು, ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರು ನೋಡಬೇಕು. ಮೊದಲ ಪತ್ರಿಕೆ ತೆರೆದೆ. ನನ್ನ ಅನುವಾದವೇ, ಅಲ್ಪವಿರಾಮ ಸಮೇತ. ಎರಡನೆಯದೂ ಅದೇ. ಮೂರನೆಯದೂ ಅದೇ. ವಿಮರ್ಶೆ ಅಂತ ತಲೆಬರಹ ಹಾಕಿ ಅದರ ಕೆಳಗೆ ಲೇಖನದ ಮುಕ್ತಾಯದ ಭಾಗ. ಎಲ್ಲಕ್ಕಿಂತ ಕೊನೆಗೆ, ಅಡಿಗೆರೆ ಎಳೆದು, ದುಂಡಗೆ: "ಇದರಲ್ಲಿರುವ ಅಭಿಪ್ರಾಯಗಳು ಲೇಖಕರವು, ಬ್ಯಾಂಕಿನ ಅಭಿಪ್ರಾಯಗಳಲ್ಲ." ಪತ್ರಿಕೆಯ ಮೇಲೆ ಪತ್ರಿಕೆ. ಕೊನೇ ಸಾಲಿನವರೆಗೂ ಓದಿ ಅಂದಿದ್ದೆನಲ್ಲ, ಓದಿದ್ದರು ಪುಣ್ಯಾತ್ಮರು. ನನಗೆ ನಗು ಬಂತು.

ಕಟ್ಟಿನ ನಡುವೆ ಒಂದೇ ಒಂದು ಬೇರೆ ಇತ್ತು. ಲೇಖನದ ವಾದವನ್ನು ತನ್ನ ಮಾತಲ್ಲಿ ನಾಲ್ಕು ಸಾಲು ಹೇಳಿ, ಅಲ್ಲಿಂದ ಜಗಳಕ್ಕೆ ಇಳಿದಿತ್ತು. ಕಾಗುಣಿತದ ತಪ್ಪಿತ್ತು, ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಕೊನೆಗೆ, ಈ ಲೇಖನ ಓದುವವರೆಗೂ ನಮ್ಮ ಅಮ್ಮನ ಮಾತು ಅರ್ಥಶಾಸ್ತ್ರಕ್ಕೆ ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಆದರೆ ಲೇಖಕರು ಅದನ್ನು ಕೇಳಿಸಿಕೊಂಡು ತಪ್ಪು ಅಂದಿದ್ದು ನನಗೆ ಒಪ್ಪಿಗೆಯಿಲ್ಲ ಅಂತ ಬರೆದಿದ್ದಳು. ಸಂಕೇತ ಸಂಖ್ಯೆ ಯಾರಿಗೆ ಬೇಕಿತ್ತು. ಹದಿನೈದಕ್ಕೆ ಹದಿಮೂರು ಹಾಕಿದೆ. ಇಷ್ಟು ವರ್ಷದಲ್ಲಿ ನಾನು ಬರೆಸದೇ ಇದ್ದ ಉತ್ತರಕ್ಕೆ ಅಂಕ ಹಾಕಿದ್ದು ಅದೇ ಮೊದಲು.

ಹೊರಗಿನ ಪರೀಕ್ಷಕರು ವಯಸ್ಸಾದವರು, ಒಳ್ಳೆಯವರೇ. ಎದುರಿನ ಮೇಜಿನಲ್ಲಿ ಕೂತು ಕಾಫಿ ಕುಡಿಯುತ್ತಾ ನಾಲ್ಕೈದು ಪತ್ರಿಕೆ ತಿರುವಿ ಹಾಕಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ ಮೇಡಂ, ನಿಮ್ಮ ಹುಡುಗರು ಬ್ಯಾಂಕಿನ ವಕೀಲರ ಥರ ಬರ್ದವ್ರಲ್ಲ."

ನಾನು ನಡೆದದ್ದನ್ನು ಹೇಳಿದೆ. ಅವರು ನಕ್ಕರು. ನಗುತ್ತಲೇ ಬಿಳಿ ಹಾಳೆ ತೆಗೆದುಕೊಂಡು, ಸಾಮೂಹಿಕ ನಕಲಿನ ಅನುಮಾನವಿದೆ ಅಂತ ಪರೀಕ್ಷಾ ನಿಯಂತ್ರಕರಿಗೆ ವರದಿ ಬರೆದರು. "ನನ್ನ ಕೆಲಸ ನಾನು ಮಾಡ್ಬೇಕಲ್ಲ ಮೇಡಂ. ನಾಳೆ ಯಾರಾದ್ರೂ ಕೇಳಿದ್ರೆ?" ಅಂದರು. ಯಾರಾದರೂ ಕೇಳಿದರೆ ಅನ್ನುವ ಭಯದಲ್ಲೇ ನಮ್ಮ ದೇಶ ನಡೆಯುತ್ತಿದೆ, ಆದರೆ ಯಾರೂ ಯಾವತ್ತೂ ಏನೂ ಕೇಳುವುದಿಲ್ಲ.

ಸಮಿತಿ ಕೂತಿತು. ನನ್ನನ್ನು ಕರೆದರು. ಪರೀಕ್ಷಾ ನಿಯಂತ್ರಕರ ಮುಂದೆ ಉತ್ತರಪತ್ರಿಕೆಗಳ ಕಟ್ಟು ಇತ್ತು, ಬಿಚ್ಚಿರಲಿಲ್ಲ.

"ಎಲ್ಲಾರ್ದೂ ಅಕ್ಷರಕ್ಕಕ್ಷರ ಒಂದೇ ಇದೆ ಮೇಡಂ. ಚೀಟಿ ಇಲ್ದೆ ಇದಾಗುತ್ತಾ?"

"ಆಗುತ್ತೆ ಸರ್. ಬಾಯಿಪಾಠ ಮಾಡವ್ರೆ. ಗೈಡಿನ ಪ್ರಶ್ನೆಗೂ ಎಲ್ಲಾರ್ದೂ ಒಂದೇ ಉತ್ತರ ಇರಲ್ವಾ?"

"ಅದು ಗೈಡು ಮೇಡಂ. ಅದು ಒಂದೇ ಇರ್ಬೇಕು."

ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದರೆ ಗೋಡೆಗೆ ಈಚೆಗಷ್ಟೇ ಬಣ್ಣ ಹೊಡೆಸಿದ್ದರು. ತಾಳ್ಮೆ ತಂದುಕೊಂಡು, ನನಗೆ ಬೇಕಾದ ಒಂದೇ ಮಾತಿಗೆ ಬಂದೆ.

"ಸರ್, ಎಲ್ಲಾರ್ದೂ ಒಂದೇ ಅಲ್ಲ. ಒಂದು ಪೇಪರ್ ಬೇರೆ ಇದೆ. ದಯವಿಟ್ಟು ಅದೊಂದನ್ನ ಓದಿ. ಅದಕ್ಕೆ ನಾನು ಹಾಕಿರೋ ಮಾರ್ಕ್ಸು ಉಳಿಸ್ಕೊಡಿ."

"ಯಾರದ್ದು ಅದು?"

ಗೊತ್ತು ಅಂದರೆ ಗುಟ್ಟಾಗಿರಬೇಕಾದ ಮೌಲ್ಯಮಾಪನದಲ್ಲಿ ನನಗೆ ಬೇಕಾದವರಿಗೆ ಅಂಕ ಹಾಕಿದಂತಾಗುತ್ತದೆ. ಅವಳ ಬೇರೆ ಪತ್ರಿಕೆಗಳನ್ನೂ ತೆಗೆದು ನೋಡುತ್ತಾರೆ. "ಯಾರದ್ದೋ ನಂಗೊತ್ತಿಲ್ಲ ಸರ್" ಅಂದೆ.

"ಮತ್ತೆ ನಿಮಗ್ಯಾಕೆ ಅಷ್ಟು ಕಾಳಜಿ? ಬೇರೆ ಇದೆ ಅಂದ್ರೆ ಏನರ್ಥ ಹೇಳಿ. ಚೀಟಿ ಅಲ್ಲೀವರ್ಗೂ ಹೋಗಿಲ್ಲ ಅಂತ ಅರ್ಥ."

ಸಮಿತಿಯವರೆಲ್ಲ ನಕ್ಕರು. ಬಿಸ್ಕತ್ತು ಬಂತು. ನನಗೂ ಒಂದು ತಟ್ಟೆ ಇಟ್ಟರು, ಅತಿಥಿಗೆ ಅವತ್ತಾದರೂ ಏನೋ ಸಿಕ್ಕಿತು. ನಾನು ಮುಟ್ಟಲಿಲ್ಲ.

ತೀರ್ಮಾನ ಹೀಗಾಯಿತು. ನಕಲು ಅಂತ ದಾಖಲೆ ಮಾಡಿದರೆ ಕಾಲೇಜಿನ ಹೆಸರಿಗೆ ಮಸಿ, ಹಾಗಾಗಿ ನಕಲು ಅಂತ ಬರೆಯುವುದು ಬೇಡ. ಈ ಪ್ರಶ್ನೆ ನಿಗದಿತ ಪಠ್ಯದ ಹೊರಗಿನದು ಅಂತ ಘೋಷಿಸಿ, ಉತ್ತರ ಬರೆದ ಎಲ್ಲರಿಗೂ ಸಮನಾಗಿ ಎಂಟು ಅಂಕ ಕೊಡುವುದು. ಮುಂದಿನ ವರ್ಷದಿಂದ ಬ್ಯಾಂಕಿನ ಲೇಖನಗಳನ್ನು ತೆಗೆದು ಪುನಃ ಗೈಡಿನ ಪಾಠವನ್ನೇ ನಡೆಸುವುದು. ನಿಯಮದಲ್ಲಿದ್ದ ಹೆಚ್ಚುವರಿ ಓದಿನ ಆ ಸಾಲನ್ನೂ ಹೊಡೆದು ಹಾಕುವುದು. ನನ್ನನ್ನು ಮಾತ್ರ ತೆಗೆಯಲಿಲ್ಲ. ತೆಗೆದಿದ್ದರೆ ಸ್ವಲ್ಪ ಮರ್ಯಾದೆಯಾದರೂ ಉಳಿಯುತ್ತಿತ್ತು.

ಫಲಿತಾಂಶ ಬಂದ ದಿನ ಹುಡುಗರು ಮೈಸೂರುಪಾಕು ತಂದರು. ಚೇಳೂರಿನವನು ಕಾಲಿಗೇ ಬಿದ್ದ. "ನಕಲು ಅಂತ ಗಲಾಟೆ ಆದ್ಮೇಲೆ ಮೂರೋ ನಾಕೋ ಬರುತ್ತೆ ಅನ್ಕೊಂಡಿದ್ವಿ ಮೇಡಂ. ನೀವು ಒಳ್ಗೆ ಹೋಗಿ ಮಾತಾಡಿದ್ದಕ್ಕೆ ಎಂಟು ಬಂತು." ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಅಲ್ಲಿಗೆ ಬರುವವರೆಗಿನ ಇಷ್ಟು ವರ್ಷದ ಓದಿನಲ್ಲಿ ಅವರಿಗೆ ಯಾರಾದರೂ ನಿನಗೇನು ಅನಿಸುತ್ತೆ ಅಂತ ಕೇಳಿದ್ದರೆ ತಾನೆ. ಇದ್ದಕ್ಕಿದ್ದಂತೆ ನಾನು ಕೇಳಿದರೆ ಪಾಪ ಅವರೇನು ಮಾಡಬೇಕು.

ಕೊತ್ತಗೆರೆಯ ಹುಡುಗಿ ಎಲ್ಲರೂ ಹೋದ ಮೇಲೆ ಬಂದಳು. ಹದಿಮೂರು ಬರಬೇಕಾದ ಕಡೆ ಎಂಟು ಬಂದು, ಒಟ್ಟು ಪರ್ಸೆಂಟು ಐವತ್ತೈದಕ್ಕೆ ಕೂದಲೆಳೆಯಷ್ಟು ಕೆಳಗೆ ನಿಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಇಬ್ಬರೂ ಮರುಮೌಲ್ಯಮಾಪನಕ್ಕೆ ಅರ್ಜಿ ಹಿಡಿದು ಪರೀಕ್ಷಾ ವಿಭಾಗದ ಕಿಟಕಿಗೆ ಹೋದೆವು. ಗುಮಾಸ್ತರು ಕಂಪ್ಯೂಟರಿನಲ್ಲಿ ನೋಡಿ ಅರ್ಜಿ ವಾಪಸು ಕೊಟ್ಟರು. "ಮೌಲ್ಯಮಾಪನ ಆಗಿದ್ರೆ ತಾನೇ ಮೇಡಂ ಮರುಮೌಲ್ಯಮಾಪನ? ಆ ಪ್ರಶ್ನೆಗೆ ಸಮಿತಿ ಅಂಕ ಕೊಟ್ಟಿರೋದು. ಸಮಿತಿಯವ್ರು ಯಾರೂ ಓದೇ ಇಲ್ಲ, ಮತ್ತೆ ಓದೋದು ಹೆಂಗೆ?" ಅವರು ಹೇಳಿದ್ದರಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಗುಬ್ಬಿ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತೆವು.

"ಮೇಡಂ, ನಾನೂ ಬಾಯಿಪಾಠ ಮಾಡಿದ್ರೆ ಎಷ್ಟು ಬರ್ತಿತ್ತು?"

"ಎಂಟು."

"ಕೂತು ಯೋಚ್ನೆ ಮಾಡಿದ್ದಕ್ಕೆ?"

"ಅದಕ್ಕೂ ಎಂಟೇ ಕಣೇ."

ಅವಳು ನಕ್ಕುಬಿಟ್ಟಳು. ಆ ನಗು ನೋಡಿ ನನಗೆ ಅಳು ಬಂತು, ನಿಲ್ದಾಣದಲ್ಲಿ ಅಷ್ಟು ಜನರ ಮುಂದೆ ಸೆರಗಿನಿಂದ ಮೂಗು ಒರೆಸಿಕೊಂಡೆ. ಅವಳೇ ನನ್ನ ಕೈ ಹಿಡಿದುಕೊಂಡು, "ಬುಡಿ ಮೇಡಂ, ಮುಂದಿನ ವರ್ಷ ಇಂಪ್ರೂವ್‌ಮೆಂಟಿಗೆ ಕಟ್ಟಿ ಮತ್ತೆ ಪರೀಕ್ಷೆ ಬರೀತೀನಿ. ಈ ಪೇಪರ್ ಒಂದ್ರಲ್ಲಿ ಜಾಸ್ತಿ ತಗೊಂಡ್ರೆ ಸಾಕು" ಅಂದಳು. ಬಸ್ಸು ಬಂತು. ಸಮಾಧಾನ ಹೇಳಬೇಕಾದವಳು ನಾನು, ಹೇಳಿಸಿಕೊಂಡವಳೂ ನಾನೇ.

ಮುಂದಿನ ವರ್ಷದ ಪಠ್ಯ ಅಂದರೆ ಗೈಡು. ಅವಳು ಊರಿಗೆ ಹೋಗಿ ಕುಣಿಗಲ್ಲಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸಕ್ಕೆ ಸೇರಿದಳು. ಭಾನುವಾರ ಹೆಬ್ಬೂರಿನ ಮೇಲೆ ಬರುವ ಬಸ್ಸಿಗೆ ತುಮಕೂರಿಗೆ ಬಂದು ನಮ್ಮ ಮನೆಯಲ್ಲಿ ಕೂರುತ್ತಿದ್ದಳು. ಈ ಸಲ ಏನೇ ಆದರೂ ಅವಳ ಅಂಕ ತಪ್ಪಬಾರದು ಅಂತ ನಾನು ಹಟ ತೊಟ್ಟಿದ್ದೆ. ಅವಳು ಐವತ್ತೈದರ ಗಡಿ ದಾಟಲಿ, ಆಮೇಲೆ ಏನು ಬೇಕಾದರೂ ಓದಲಿ, ಯಾರ ಜೊತೆ ಬೇಕಾದರೂ ಜಗಳವಾಡಲಿ. ಮೊದಲು ದಾಟಲಿ.

ಮೊದಲ ವಾರಗಳಲ್ಲಿ ಅವಳು ಹಳೆಯ ಹುಡುಗಿಯೇ.

"ಮೇಡಂ, ಹಣ ಜಾಸ್ತಿ ಆದ್ರೆ ಬೆಲೆ ಏರುತ್ತೆ ಅಂತ ಇಲ್ಲೈತೆ. ಮುಂದಿನ ಪಾಠದಲ್ಲಿ ಬೆಲೆ ಏರೋದ್ರಿಂದ್ಲೇ ಹಣ ಜಾಸ್ತಿ ಬೇಕಾಗುತ್ತೆ ಅಂತವ್ರೆ. ಎರಡ್ರಲ್ಲಿ ಯಾವ್ದು ಸರಿ?"

"ಎರಡೂ ಸರಿ. ಐದು ಮಾರ್ಕ್ಸಿಗೆ ಕೇಳಿದ್ರೆ ಇದು ಬರಿ, ಹತ್ತಕ್ಕೆ ಕೇಳಿದ್ರೆ ಅದು ಬರಿ."

"ಹಂಗೆಂಗಾಗುತ್ತೆ ಮೇಡಂ?"

"ಸುಮ್ನೆ ಬರ್ಕೊಳೇ. ಪರೀಕ್ಷೆ ಮುಗೀಲಿ, ಆಮೇಲೆ ಮಾತಾಡಣ."

ಒಳಗೆ ಟಿ.ವಿ. ನೋಡುತ್ತಿದ್ದ ನಮ್ಮ ಯಜಮಾನರು ಎದ್ದು ಬಂದು ನನ್ನ ಮುಖ ನೋಡಿ, ಒಳಗೆ ಹೋಗಿ ಟಿ.ವಿ. ಶಬ್ದ ಜಾಸ್ತಿ ಮಾಡಿದರು. ಅವಳು ತಲೆ ತಗ್ಗಿಸಿ ಬರೆದುಕೊಂಡಳು. ಹೀಗೆ ಎಷ್ಟು ಭಾನುವಾರ ಅವಳ ಬಾಯಿ ಮುಚ್ಚಿಸಿದೆನೋ. ಪ್ರತಿ ಸಲವೂ ಅವಳ ಒಳ್ಳೆಯದಕ್ಕೇ ಅಂದುಕೊಂಡೆ. ಈಗಲೂ ಬೇರೆ ಏನು ಮಾಡಬಹುದಿತ್ತು ಅಂತ ನನಗೆ ಹೊಳೆಯುವುದಿಲ್ಲ, ಅದೇ ನನ್ನನ್ನು ಸುಡುವುದು. ಕ್ರಮೇಣ ಅವಳ ಪ್ರಶ್ನೆಗಳು ಕಮ್ಮಿಯಾದವು. ಉತ್ತರಗಳು ಸೊಗಸಾದವು. ಎಂಟು ಕಾರಣಗಳನ್ನು ಒಂದೇ ಉಸಿರಿಗೆ ಹೇಳುವಳು, ತಲೆಬರಹಕ್ಕೆ ಅಡಿಗೆರೆ ಎಳೆಯುವಳು. ಬಿಲ್ಲು ಹಾಕುವ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೇಳಿಕೊಳ್ಳುತ್ತಿರುತ್ತಾಳಂತೆ, ಮಾಲೀಕರು ಮಂತ್ರ ಕಲಿಯುತ್ತಿದ್ದೀಯಾ ಅಂತ ರೇಗಿಸುತ್ತಾರಂತೆ. ಅದನ್ನು ಅವಳು ಹೆಮ್ಮೆಯಿಂದ ಹೇಳಿದಳು, ನಾನೂ ಭೇಷ್ ಅಂದೆ.

ಪರೀಕ್ಷೆ ಬರೆದಳು. ಆ ಪತ್ರಿಕೆಯಲ್ಲಿ ಕಾಲೇಜಿಗೇ ಹೆಚ್ಚು ಅಂಕ ಅವಳದು. ಐವತ್ತೈದು ಆರಾಮಾಗಿ ದಾಟಿತು.

ಅಂಕಪಟ್ಟಿ ತೆಗೆದುಕೊಂಡ ದಿನವೇ ಸದಾಶಿವನಗರಕ್ಕೆ ಬಂದಳು. ತಾಯಿ ಕೊಟ್ಟು ಕಳಿಸಿದ ಅವರೆಕಾಳಿನ ಚೀಲ ಕೊಟ್ಟು, ನನ್ನ ಕಾಲು ಮುಟ್ಟಿದಳು. ಅರ್ಹತಾ ಪರೀಕ್ಷೆಗೆ ಅರ್ಜಿ ಹಾಕಿಯಾಗಿತ್ತು. "ಅದಕ್ಕೂ ಒಂದು ಒಳ್ಳೆ ಗೈಡು ಸಿಕ್ತು ಮೇಡಂ. ಸರಿ ಉತ್ತರಕ್ಕೆ ಟಿಕ್ ಹಾಕೋದು ಅಷ್ಟೇ, ಬರೆಯೋದೇ ಇಲ್ಲ" ಅಂದಳು. ಮುಖದಲ್ಲಿ 'ಗೆದ್ದೆ' ಅನ್ನುವ ಕಳೆ. ನಾನು ಕಾಫಿ ಮಾಡಿ ಕೊಟ್ಟೆ, ಕೋಡುಬಳೆ ಇಟ್ಟೆ.

ಈ ದಿನಕ್ಕೆ ಅಂತಲೇ ಒಂದು ಕೆಲಸ ಮಾಡಿಟ್ಟಿದ್ದೆ. ಅದೇ ಬ್ಯಾಂಕಿನ ಹೊಸ ಲೇಖನ. ಹಳ್ಳಿಯ ಹೆಂಗಸರು ಕೈಗೆ ಬಂದ ಹಣವನ್ನು ಹೇಗೆ ಎತ್ತಿಡುತ್ತಾರೆ, ಯಾಕೆ ಬ್ಯಾಂಕಿಗೆ ಹಾಕುವುದಿಲ್ಲ ಅನ್ನುವುದರ ಬಗ್ಗೆ. ಓದಿದಾಗ ಪುಟಪುಟಕ್ಕೂ ಅವಳ ನೆನಪಾಗಿತ್ತು. ಇದಕ್ಕೆ ಅವಳು ಏನೆನ್ನುತ್ತಾಳೆ, ಎಲ್ಲಿ ಜಗಳ ತೆಗೆಯುತ್ತಾಳೆ ಅಂತ ಒಳಗೊಳಗೇ ಕಾದಿದ್ದೆ. ರಾತ್ರಿಯೆಲ್ಲ ಕೂತೇನೂ ಅಲ್ಲ, ಬಿಡುವಾದಾಗಲೆಲ್ಲ ಕೂತು ಕನ್ನಡಕ್ಕೆ ಮಾಡಿ, ಪ್ರಿಂಟ್ ತೆಗೆಸಿ ಇಟ್ಟಿದ್ದೆ.

"ತಗೋ. ಇನ್ನು ಯಾವ ಭಯಾನೂ ಇಲ್ಲ. ಓದಿ, ನಿಂಗೇನನ್ಸುತ್ತೆ ಹೇಳು."

ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಮೊದಲ ಪುಟ ನೋಡಿದಳು, ತಿರುವಿ ಕೊನೆಯ ಪುಟ ನೋಡಿದಳು. ನಾನು ಎದುರಿಗೆ ಕೂತು ಅವಳ ತುಟಿಯನ್ನೇ ನೋಡುತ್ತಿದ್ದೆ. ತುಂಬ ವಿನಯದಿಂದ ಕೇಳಿದಳು.

"ಇದು ಯಾವ ಯೂನಿಟ್ಟಿಗೆ ಬರುತ್ತೆ ಮೇಡಂ?"

"ಯಾವ ಯೂನಿಟ್ಟಿಗೂ ಬರಲ್ಲ ಕಣೇ."

"ಹಂಗಾದ್ರೆ ಇರ್ಲಿ ಬುಡಿ ಮೇಡಂ" ಅಂದು, ಹಾಳೆಗಳ ಅಂಚು ಸರಿ ಮಾಡಿ ಮೇಜಿನ ಮೇಲಿಟ್ಟು, ಉಳಿದ ಕಾಫಿ ಕುಡಿದಳು.